ಇಶ್ಯೂ ಇಲ್ಲದ ವಿಧುರ

ಕಳೆದ ಭಾನುವಾರ ಒಂದು ಇಂಗ್ಲಿಷ್ ಪದ ಕೇಳಿ ನಮ್ಮ ದೊಡ್ಡಮ್ಮ ಊಟದ ತಟ್ಟೆ ತಳ್ಳಿಬಿಟ್ಟರು.

ಪದ ಹೇಳಿದವಳು ನನ್ನ ಮಗಳು ಕಾವ್ಯ. ಹೊಸೂರಿನ ಮೂಕಂಡಪಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಶಿಫ್ಟ್ ಬದಲಾದರೆ 'ನೋ ಇಶ್ಯೂ', ಬಸ್ ತಪ್ಪಿದರೆ 'ನೋ ಇಶ್ಯೂ'. ತಮಿಳು ಮ್ಯಾನೇಜರಿಗೂ ತೆಲುಗು ಗೆಳತಿಗೂ ನಮಗೂ ಅದೇ ಉತ್ತರ. (ನೀವೂ ಹೇಳುತ್ತೀರಿ ಬಿಡಿ.)

ಅಂದು ಬಾಗಲೂರಿನ ನಮ್ಮ ಮನೆಗೆ ಬಂದಿದ್ದ ದೊಡ್ಡಮ್ಮನೇ ಸಾರು ಮಾಡಿದ್ದರು. "ಉಪ್ಪು ಕಮ್ಮಿಯಾಯ್ತೇನಮ್ಮಿ?" ಎಂದರು.

"ನೋ ಇಶ್ಯೂ ಅಜ್ಜಿ."

ದೊಡ್ಡಮ್ಮನ ಮುಖ ಕಪ್ಪಿಟ್ಟಿತು. "ನಂಗೆ ಮಕ್ಕಳಿಲ್ಲ ಅಂತ ನೀನೂ ಆಡ್ಕಂತೀಯೇನಮ್ಮಿ?"

ನಾವು ತಬ್ಬಿಬ್ಬು. ಉಪ್ಪಿಗೂ ಮಕ್ಕಳಿಗೂ ಏನು ಸಂಬಂಧ?

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮದುವೆಯಾಗಿ ಹೋದದ್ದು ಡೆಂಕಣಿಕೋಟೆ ಕಡೆಯ ಹಳ್ಳಿಗೆ. ಮಕ್ಕಳಾಗಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ಅಂದು ಊಟದ ಮುಂದೆ ಅವರೇ ಹೇಳಿದರು.

ಆ ಮನೆಯಲ್ಲಿ ಓದು ಬಲ್ಲ ಹೆಂಗಸು ಇವರೊಬ್ಬರೇ. ವಾರಪತ್ರಿಕೆ ಬಂದರೆ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಮೊದಲು ಧಾರಾವಾಹಿ, ಕೊನೆಗೆ ವಧು-ವರರ ಜಾಹೀರಾತು. ಅತ್ತೆಗೆ ಅದೇ ಹೆಚ್ಚು ಇಷ್ಟ. ಒಂದು ಮಧ್ಯಾಹ್ನ ಹಾಗೇ ಓದುತ್ತಾ ಹೋದರಂತೆ: ಸ್ವಂತ ಜಮೀನು, ವಿಧುರ, ಇಶ್ಯೂ ಇಲ್ಲ, ಕನ್ಯೆ ಬೇಕಾಗಿದೆ. ಕೆಳಗೆ ವಿಳಾಸ. ಊರು ತಮ್ಮದೇ. ಹೆಸರು ಗಂಡನದೇ! (ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲ. ಓದುವ ಭರದಲ್ಲಿ ಅದನ್ನೂ ಹೇಳಿಬಿಟ್ಟಿದ್ದರು.)

ವಿಧುರ? ಹೆಂಡತಿ ಬದುಕಿದ್ದಾಳೆ, ಕೂತು ಓದುತ್ತಿದ್ದಾಳೆ!

"ಇಶ್ಯೂ ಅಂದ್ರೇನತ್ತೆ ಅಂದೆ. ಅತ್ತೆ ಸೆರಗು ಬಾಯಿಗಿಟ್ಕಂಡು ಒಳಕ್ಕೆ ಹೋಗ್ಬುಟ್ರು. ಅವರ್ಗೆಲ್ಲಾ ಗೊತ್ತಿತ್ತು ಕಣ್ಲಾ. ಆಮೇಲೆ ಸ್ಕೂಲ್ ಮೇಷ್ಟ್ರನ್ನ ಕೇಳ್ದೆ. ಮಕ್ಕಳು ಅಂದ್ರು."

ನನಗೆ ನಂಬಲಾಗಲಿಲ್ಲ. ಮರುದಿನ ಗೆಳೆಯರೊಬ್ಬರು ಬೈಂಡ್ ಮಾಡಿಸಿಟ್ಟ ಹಳೆಯ ವಾರಪತ್ರಿಕೆಗಳನ್ನು ತಿರುವಿದೆ. ವಿಧವೆ, ಇಶ್ಯೂ ಇಲ್ಲ. ವಿಧುರ, ಒಂದು ಇಶ್ಯೂ. ಪುಟಪುಟದಲ್ಲೂ! 'ಮಗು' ಎಂದು ಬರೆಯಲು ಏನಾಗಿತ್ತು ಇವರಿಗೆ? ಇಂಗ್ಲಿಷಿನಲ್ಲಿ ಹೇಳಿದರೆ ಚುಚ್ಚುವುದಿಲ್ಲವೇ?

"ದೊಡ್ಡಪ್ಪನನ್ನ ಕೇಳಲಿಲ್ವಾ?" ಎಂದು ಆ ಭಾನುವಾರವೇ ಕೇಳಿದ್ದೆ.

"ಏನಂತ ಕೇಳ್ಲಿ? ನಾನ್ಯಾವಾಗ ಸತ್ತೆ ಅಂತಲಾ?"

ಸ್ವಲ್ಪ ದಿನಕ್ಕೆ ಜಾಹೀರಾತು ಕಂಡು ಹೆಣ್ಣೊಂದರ ಅಪ್ಪ ಮನೆ ನೋಡಲು ಬಂದರು. ಅವತ್ತು ದೊಡ್ಡಮ್ಮನನ್ನು ಬೆಳಿಗ್ಗೆಯೇ ಹೊಲಕ್ಕೆ ಅಟ್ಟಿದ್ದರು. ಇವರಿಗೆ ಅನುಮಾನ. ಅರ್ಧ ದಾರಿಯಿಂದ ತಿರುಗಿ, ಹಿತ್ತಲಿಂದ ಒಳಹೊಕ್ಕು, ಚೊಂಬಿನಲ್ಲಿ ನೀರು ತಂದು ಆ ಹಿರಿಯರ ಮುಂದಿಟ್ಟರು.

"ನೀರು ಕುಡೀರಿ ಸೋಮಿ. ಸತ್ತೋದ ಹೆಂಡ್ತಿ ನಾನೇ."

ಆ ಮನುಷ್ಯ ನೀರು ಮುಟ್ಟಲಿಲ್ಲ. ದೊಡ್ಡಮ್ಮನಿಗೆ ಕೈಮುಗಿದು ಎದ್ದು ಹೋದರಂತೆ. ಸುದ್ದಿ ಹಬ್ಬಿ, ಮತ್ತೆ ಯಾರೂ ಹೆಣ್ಣು ಕೊಡಲು ಬರಲಿಲ್ಲ. ದೊಡ್ಡಪ್ಪ ಸಾಯುವವರೆಗೂ ಇಬ್ಬರೂ ಆ ಮಾತೆತ್ತದೆ ಅದೇ ಮನೆಯಲ್ಲಿ ಬಾಳಿದರು. ಬೇಸಿಗೆ ರಜೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿ ಮಾವಿನಕಾಯಿ ಕೀಳಿಸಿದ್ದ ದೊಡ್ಡಪ್ಪ! ಅವರೇ ಹೆಂಡತಿಯನ್ನು ಅಚ್ಚಿನಲ್ಲಿ ಸಾಯಿಸಿದವರು!

ಕಾವ್ಯಳ ಕೈಯಲ್ಲಿ ಎಂಜಲು ಒಣಗಿತ್ತು. "ಅಜ್ಜಿ, ಮೊದ್ಲು ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರ್ಸಿದ್ರಮ್ಮಿ. ಹೊಸೂರು, ಧರ್ಮಪುರಿ, ಬೆಂಗ್ಳೂರು, ಎಲ್ಲಾ ಕಡೀಕೂ ಕರ್ಕಂಡೋಗಿ ನನ್ನ ತೋರ್ಸಿದ್ರು."

"ತಾತನ್ನ?"

ದೊಡ್ಡಮ್ಮ ಬೆರಗಾಗಿ ಅವಳನ್ನೇ ನೋಡಿದರು. "ಅದಕ್ಕೆ ಗಂಡಸ್ರನ್ನೂ ತೋರ್ಸ್ತಾರೇನಮ್ಮಿ?"