ಮೆಟ್ಟಿಲು ಹತ್ತಬೇಕಾಗಿ ಬಂದ ಮೀನು

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಮದ್ರಾಸಿನ ರೈಲ್ವೆ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಮೈಲಾಪೂರದಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡೆ. ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಹಪ್ಪಳದ ವ್ಯಾಪಾರ ಮಾಡುತ್ತಿದ್ದರು. ಮಾವ ನಿವೃತ್ತರಾಗಿ, ಹಪ್ಪಳಕ್ಕೆ ಬರುವ ಕಾಗೆಗಳನ್ನು ಓಡಿಸುವುದರಲ್ಲಿ ಕಾಲ ಕಳೆಯುತ್ತಿದ್ದರು. ವಿಮೆ ಏಜೆಂಟನಾಗಿದ್ದ ಅವರ ಹಳೆಯ ಸ್ನೇಹಿತನೊಬ್ಬ ಪಾಲಿಸಿ ಮಾಡಿಸುವ ತನಕ ಜಗಲಿಯಿಂದ ಏಳಲಿಲ್ಲವಾದ್ದರಿಂದ ಹಪ್ಪಳಗಳಿಗೆ ಬೆಂಕಿ ಮತ್ತು ಪ್ರವಾಹದ ವಿಮೆಯೂ ಆಗಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಮಳೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಬೀದಿಯ ನೀರು ಮೂರು ಮೆಟ್ಟಿಲು ಹತ್ತಿ ಮನೆಯೊಳಗೆ ನಡೆದೇ ಬಂತು. ಮಧ್ಯಾಹ್ನದೊಳಗೆ ಹಪ್ಪಳಗಳೆಲ್ಲ ಮತ್ತೆ ಹಿಟ್ಟಾದವು. ನೀರು ಇಳಿದ ಮೇಲೆ ನೋಡಿದರೆ ಒರಳುಕಲ್ಲಿನ ಗುಂಡಿಯಲ್ಲಿ ಗೇಣುದ್ದದ ಕಪ್ಪು ಮೀನೊಂದು ಕೂತಿತ್ತು. ಈರುಳ್ಳಿಯನ್ನೂ ಒಳಗೆ ಬಿಡದ ಮನೆ ಅದು. ಅತ್ತೆ ಕಿರುಚಿದ ರಭಸಕ್ಕೆ ಮೀನು ಗುಂಡಿಯಲ್ಲೇ ಒಂದು ಸುತ್ತು ಹೊಡೆಯಿತು. ನಾನು ಅದನ್ನು ಹಿಡಿಕೆ ಮುರಿದ ಪ್ಲಾಸ್ಟಿಕ್ ಬಕೆಟ್ಟಿಗೆ ಸಾಗಿಸಿ ಹಿತ್ತಲಲ್ಲಿಟ್ಟೆ. ಮಳೆ ನಿಂತ ಮೇಲೆ ದೇವಸ್ಥಾನದ ಕೊಳಕ್ಕೆ ಬಿಡೋಣವೆಂದುಕೊಂಡೆವು.

ಅತ್ತೆಯದು ಶುಚಿತ್ವದ ಹುಚ್ಚು. ನಷ್ಟ ನೋಡಲು ವಿಮಾ ಕಂಪನಿಯ ಸರ್ವೇಯರು ಬರುತ್ತಾರೆಂದು ಗೊತ್ತಾದದ್ದೇ ತಡ, ಕೆಸರು ತೊಳೆಸಿ, ಹಿಟ್ಟು ಚೆಲ್ಲಿಸಿ, ಗೋಡೆಗೆ ಸುಣ್ಣ ಹೊಡೆಸಿ, ಹೊಸಿಲಿಗೆ ರಂಗೋಲಿಯನ್ನೂ ಇಟ್ಟುಬಿಟ್ಟರು. ಕೊಡೆ ಮಡಚುತ್ತ ಒಳಗೆ ಬಂದ ಸರ್ವೇಯರು ಸುತ್ತಲೂ ನೋಡಿ, “ವೆಳ್ಳಂ ಎಂಗಮ್ಮಾ?” ಎಂದು ತಮಿಳಿನಲ್ಲಿ ಪ್ರವಾಹದ ನೀರನ್ನು ವಿಚಾರಿಸಿದರು.

“ಹೋಯ್ತು.”

“ನೆಂದ ಅಪ್ಪಳಂ?”

“ಚೆಲ್ಲಿದೆ. ನಾರ್ತಿತ್ತು.”

“ಗೋಡೆ ಮೇಲೆ ನೀರು ನಿಂತ ಗುರುತಾದರೂ?”

“ದೊಡ್ಡೋರು ನೀವು ಬರ್ತೀರಿ ಅಂತ ಸುಣ್ಣ ಹೊಡೆಸಿದೆನಲ್ಲಾ ಸಾರ್!”

ಹಪ್ಪಳವಿತ್ತು ಎನ್ನುವುದಕ್ಕೆ ಸೌಕಾರ್‌ಪೇಟೆಯ ಉದ್ದಿನ ವ್ಯಾಪಾರಿಯ ರಸೀದಿಗಳನ್ನು ಅವರು ಒಪ್ಪಿದರು. ತಕರಾರು ನೀರಿನದು. ಹೊರಗಿನಿಂದ ನುಗ್ಗಿದ ನೀರಾದರೆ ಮಾತ್ರ ಪ್ರವಾಹ. ಹಿತ್ತಲ ಬಾವಿ ಉಕ್ಕಿದ್ದರೆ, ನಲ್ಲಿ ತೆರೆದಿಟ್ಟು ಮರೆತಿದ್ದರೆ ಅದು ನಿಮ್ಮ ಮನೆಯ ವಿಚಾರ, ಪುರಾವೆ ಬೇಕು ಎಂದರು. ಬೀದಿಯವರನ್ನೆಲ್ಲ ಕೇಳಿ ಎಂದರು ಮಾವ. ಬೀದಿಯವರೆಲ್ಲ ನಿಮ್ಮ ಹಪ್ಪಳ ತಿಂದವರೇ ಎಂದರು ಸರ್ವೇಯರು.

ಅತ್ತೆ ಸೆರಗು ಸಿಕ್ಕಿಸಿಕೊಂಡರು. “ಮೀನಿದೆ” ಎಂದರು.

ಮರುದಿನ ನಾನು ರಜೆ ಹಾಕಿ ಬಕೆಟ್ ಎತ್ತಿಕೊಂಡು ಅತ್ತೆಯ ಹಿಂದೆ ಬಸ್ಸು ಹತ್ತಿದೆ. ಬಕೆಟ್ಟಿನಲ್ಲೇನು ಎಂದು ಕಂಡಕ್ಟರು ಕೇಳಿದಾಗ ಅತ್ತೆ ಗಂಭೀರವಾಗಿ, “ಸಾಟ್ಚಿ” ಎಂದರು. ಸಾಕ್ಷಿ ಅದೇ ಹೊತ್ತಿಗೆ ಬಾಲ ಬಡಿದು ಆತನ ಚೀಟಿಗಳ ಮೇಲೆ ನೀರು ಹಾರಿಸಿತು. ಕಂಡಕ್ಟರು ನಮಗೆ ಲಗೇಜ್ ಚೀಟಿ ಹರಿದುಕೊಟ್ಟು ಬಸ್ಸಿನ ಆ ತುದಿಗೆ ಹೋಗಿ ನಿಂತರು.

ವಿಮಾ ಕಚೇರಿಯ ಮ್ಯಾನೇಜರು ಕಲ್ಕತ್ತದಿಂದ ವರ್ಗವಾಗಿ ಬಂದವರು. ಅವರ ಇಂಗ್ಲಿಷನ್ನು ಅತ್ತೆಗೂ ಅತ್ತೆಯ ಕನ್ನಡವನ್ನು ಅವರಿಗೂ ದಾಟಿಸುವ ಕೆಲಸ ನನ್ನದಾಯಿತು. ಬಕೆಟ್ಟಿನೊಳಗೆ ಇಣುಕಿದ್ದೇ ಅವರ ಮುಖ ಹಬ್ಬದ ಮನೆಯಾಯಿತು. “ಕೋಯಿ!” ಎಂದು ಮೀನಿನ ಬಂಗಾಳಿ ಹೆಸರು ಕೂಗಿ ಕುರ್ಚಿಯಿಂದ ಎದ್ದರು. ಅವರ ಕಡೆ ಅದನ್ನು ಸಾಸಿವೆ ಅರೆದು ಬೇಯಿಸುತ್ತಾರಂತೆ, ಮದ್ರಾಸಿಗೆ ಬಂದ ಮೇಲೆ ಇಂಥದ್ದೊಂದೂ ಸಿಕ್ಕಿರಲಿಲ್ಲವಂತೆ. ಆಮೇಲೆ ತಾವು ಮ್ಯಾನೇಜರೆಂಬುದು ನೆನಪಾಗಿ ಕೂತು, ಬೇಸರದಿಂದಲೇ ತಲೆಯಾಡಿಸಿದರು. ಈ ಜಾತಿಯ ಮೀನು ನೆಲದ ಮೇಲೆ ನಡೆಯುತ್ತದೆ, ಬಾವಿಯುಕ್ಕಿ ಒದ್ದೆಯಾದ ಮನೆಗೆ ಇದು ಬೀದಿಯಿಂದ ತಾನಾಗಿ ಬಂದಿರಬಹುದು, ಪ್ರವಾಹವೇ ಬೇಕೆಂದಿಲ್ಲ ಎಂದರು.

“ಹೌದು ಸಾರ್. ನಮ್ಮೂರಲ್ಲಿ ಇದಕ್ಕೆ ಪನೈಯೇರಿ ಅಂತಲೇ ಹೆಸರು. ತಾಳೆಮರ ಹತ್ತುತ್ತದಂತೆ” ಎಂದು ಸರ್ವೇಯರು ಸೇರಿಸಿದರು.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಮ್ಯಾನೇಜರನ್ನೇ ನೋಡುತ್ತ, “ನಡ್ಕೊಂಡು ಬಂತಾ? ಯಾಕೆ ಬರತ್ತೆ? ಹಪ್ಪಳ ಕೊಂಡ್ಕೋಳಕ್ಕಾ? ಮೂರು ಮೆಟ್ಲಿದೆ ನಮ್ಮನೆಗೆ. ಹತ್ತಿ ತೋರಿಸ್ಲಿ, ನಂಗೆ ನಿಮ್ಮ ದುಡ್ಡೇ ಬೇಡ!” ಎಂದರು.

ನಾನು ಕೊನೆಯ ಮಾತನ್ನು ನುಂಗಿ ಉಳಿದದ್ದನ್ನು ಹೇಳಿದೆ. ಮೆಟ್ಟಿಲಿನ ಮಾತು ಕೇಳಿ ಮ್ಯಾನೇಜರು ಯೋಚನೆಗೆ ಬಿದ್ದರು. ಶನಿವಾರ ತಾವೇ ಬಂದು ಪರೀಕ್ಷಿಸುವುದಾಗಿ ಹೇಳಿದರು.

ಶನಿವಾರ ಬೀದಿಗೆ ಬೀದಿಯೇ ನಮ್ಮ ಮನೆ ಮುಂದೆ ನಿಂತಿತು. ಮಾವ ಒಂದು ಕೊಡ ನೀರು ಸುರಿದು ಮೆಟ್ಟಿಲುಗಳನ್ನು ಮಳೆ ಬಂದಷ್ಟು ಒದ್ದೆ ಮಾಡಿದರು. ನಾನು ಮೀನನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟೆ. ಸ್ವಲ್ಪ ಹೊತ್ತು ಅದು ಎಲ್ಲರನ್ನೂ ನೋಡುತ್ತ ಬಿದ್ದಿತ್ತು. ಆಮೇಲೆ ಕಿವಿರುಗಳನ್ನು ಊರಿ, ಬಾಲ ಒದೆಯುತ್ತ, ಕುಡಿದವನ ಹಾಗೆ ವಾಲಾಡಿಕೊಂಡು ನಿಜವಾಗಿಯೂ ನಡೆಯಿತು. ಜನ ಹೋ ಎಂದರು. ಕಾರ್ಪೊರೇಷನ್ನಿನವರು ಟಾರು ಹಾಕಿ ಹಾಕಿ ರಸ್ತೆಯನ್ನು ಎತ್ತರಿಸಿದ್ದರಿಂದ ಮೊದಲ ಮೆಟ್ಟಿಲು ಅರ್ಧಕ್ಕರ್ಧ ಹೂತುಹೋಗಿತ್ತು. ಮೀನು ಅದನ್ನು ಹತ್ತಿಬಿಟ್ಟಿತು!

“ಬೇಡ್ವೋ, ಇಳಿಯೋ, ನಿಂಗೆ ಕೈ ಮುಗೀತೀನಿ!” ಎಂದು ಅತ್ತೆ ಕೂಗಿದರು. “ಕ್ಲೇಮು ಹಾಕಿದ ಪಾರ್ಟಿ ಮಾತಾಡಬಾರದು” ಎಂದು ಸರ್ವೇಯರು ಗದರಿದರು.

ಎರಡನೆಯ ಮೆಟ್ಟಿಲಿಗೆ ಮೀನು ಮೂತಿ ಹಚ್ಚಿ ನೋಡಿತು. ಒಮ್ಮೆ ನೆಗೆದು ಬಿತ್ತು. ಮತ್ತೆ ನೆಗೆದು ಮತ್ತೆ ಬಿತ್ತು. ಅಷ್ಟರಲ್ಲಿ ಸಜ್ಜೆಯ ಮೇಲಿಂದ ಕಾಗೆಯೊಂದು ನೇರವಾಗಿ ಮೀನಿನ ಮೇಲೆ ಎರಗಿತು. ಅತ್ತೆ ಮೊರ ಬೀಸಿದರು, ಮಾವ ಚಪ್ಪಲಿ ಎಸೆದರು, ಮ್ಯಾನೇಜರು ಮಂಡಿಯೂರಿ ಫೈಲನ್ನೇ ಮೀನಿನ ಮೇಲೆ ಮುಚ್ಚಿದರು. ಚಪ್ಪಲಿ ಹೋಗಿ ಸರ್ವೇಯರ ಕೊಡೆಗೆ ಬಿತ್ತು.

ಮೀನು ಫೈಲಿನಡಿಯಿಂದ ನುಸುಳಿ, ಮೆಟ್ಟಿಲಿಳಿದು, ಚರಂಡಿಯ ದಾರಿ ಹಿಡಿಯಿತು. ಅದನ್ನು ಹಿಡಿದು ಬಕೆಟ್ಟಿಗೆ ಹಾಕಿದೆ. ಮ್ಯಾನೇಜರು ಪ್ಯಾಂಟು ಕೊಡವಿಕೊಂಡು ಎದ್ದು, ಯಾರ ಸಹಾಯವೂ ಇಲ್ಲದೆ ಈ ಮೀನು ಈ ಮನೆಯನ್ನು ಪ್ರವೇಶಿಸಲಾರದು ಎಂದು ತೀರ್ಪು ಕೊಟ್ಟರು.

ಸರ್ವೇಯರು ಇನ್ನೂ ಸೋತಿರಲಿಲ್ಲ. “ಕಾಗೆ ಕಚ್ಚಿಕೊಂಡು ಹೋಗಿ ಒಳಗೆ ಬೀಳಿಸಿರಬಹುದಲ್ಲಾ ಸಾರ್?”

“ಹಾಗೇ ಬರೀರಿ,” ಎಂದರು ಮ್ಯಾನೇಜರು, “ನಾನೂ ಸಹಿ ಹಾಕ್ತೀನಿ. ನಮ್ಮಿಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸ್ತಾರೆ.”

ಸರ್ವೇಯರು ಬರೆಯಲಿಲ್ಲ. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟರು. ಸರ್ವೇಯರು ಎರಡು ಲೋಟ ಕುಡಿದರು.

ಹೊರಡುವಾಗ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಮೊಕದ್ದಮೆ ಮುಗಿದ ಮೇಲೆ ಈ ಮೀನು ಯಾರಿಗೂ ಬೇಡವಾದರೆ ತಾವು ಮನೆಗೆ ಒಯ್ಯಬಹುದೇ ಎಂದು ಸಂಕೋಚದಿಂದ ಕೇಳಿದರು. ಅತ್ತೆಗೆ ತಿಳಿಸಿದೆ. “ಸಾಕ್ಷಿ ಹೇಳ್ದೋನ್ನ ಸಾಸಿವೆ ಅರೆದು ತಿನ್ನೋದಾ? ಏನು ಮನುಷ್ಯರಮ್ಮಾ ಇವರು!” ಎಂದರು ಅತ್ತೆ.

ಮೇಲಿನವರು ಮತ್ತೆ ಮೀನನ್ನು ಕೇಳಿದರೂ ಕೇಳಬಹುದು ಎಂದು ಅತ್ತೆ ಹೇಳುತ್ತಿದ್ದಾರೆಂದು ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ನಿಟ್ಟುಸಿರು ಬಿಟ್ಟು ಒಪ್ಪಿಕೊಂಡರು. ಅತ್ತೆ ಅವರ ಕೈಯಲ್ಲಿ ಹೊಸ ಹಪ್ಪಳದ ಕಟ್ಟೊಂದನ್ನಿಟ್ಟರು.

ವಿಮೆಯ ಚೆಕ್ಕು ಸಂಕ್ರಾಂತಿಗೆ ಮುಂಚೆ ಬಂತು. ಅಂದು ಸಂಜೆ ನಾವು ಮೂವರೂ ದೇವಸ್ಥಾನದ ಕೊಳಕ್ಕೆ ಹೋದೆವು. ಬಕೆಟ್ ಓರೆ ಮಾಡಿದಾಗ ಮೀನು ಕೆಳಗಿನ ಮೆಟ್ಟಿಲಿನ ನೀರಿನಲ್ಲಿ ಕ್ಷಣ ನಿಂತು ಮುಳುಗಿಹೋಯಿತು. “ಇನ್ನು ಹೊರಗೆ ಬರ್ಬೇಡಪ್ಪಾ, ಕಾಗೆ ಇದೆ” ಎಂದು ಮಾವ ಬಗ್ಗಿ ಬುದ್ಧಿ ಹೇಳಿದರು. ಅತ್ತೆ ಮಾತ್ರ ಮುಖ ತಿರುಗಿಸಿಕೊಂಡು, ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡರು. ಸುತ್ತ ಎಲ್ಲೂ ಹೊಗೆಯಿರಲಿಲ್ಲ.