ಮೆಸೌದನ ಫಾತಿಹಾ

ಮನ್ನೂಬಿಯಾ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಬಾಯಿ ಬಹಳ ಜೋರು. ಆಕೆ ಬೈಯಲು ಶುರುಮಾಡಿದರೆ ಊರಾಚೆಯ ಕತ್ತೆಯೂ ಮೇಯುವುದನ್ನು ಬಿಟ್ಟು ನಿಲ್ಲುತ್ತದೆ ಎಂದು ಗಂಡ ಮೆಸೌದನೇ ನಗುತ್ತಿದ್ದ. ಟ್ಯುನೀಸಿಯಾದ ಈ ನಮ್ಮ ಪುಟ್ಟ ದ್ವೀಪದಲ್ಲಿ ನಗರಸಭೆಯನ್ನು ಜನರೇ ಆರಿಸುವ ಕಾಲ ಬಂದಾಗ, ಅದೇ ಬಾಯಿಯನ್ನು ಆಕೆ ಚುನಾವಣೆಗೆ ನಿಂತ ನಮ್ಮೂರ ಹುಡುಗ ಲಸಾದನಿಗೆ ಧಾರೆ ಎರೆದಳು. ಮನೆಮನೆಯ ಬಾಗಿಲು ತಟ್ಟಿ ಓಟು ಕೇಳಿದಳು.

“ನಮ್ಮ ಹುಡುಗ ಕಣ್ರೇ. ನನ್ನ ಒಲೆ ಮುಂದೆ ಕೂತು ಉಂಡೋನು. ಇವನು ಎಡವಿದ್ರೆ ಕಿವಿ ಹಿಂಡೋಕೆ ನಾನಿದೀನಿ.”

ಓಟು ಹಾಕಿ ಬಂದು, ಬೆರಳಿನ ನೀಲಿ ಮಸಿಯನ್ನು ಮದುವಣಗಿತ್ತಿಯ ಮೆಹಂದಿಯಂತೆ ಬೀದಿಗೆಲ್ಲ ತೋರಿಸಿದಳು. ಲಸಾದ್ ಗೆದ್ದು ಅಧ್ಯಕ್ಷನಾದ. ಬರೀ ಲಸಾದ್ ಆಗಿದ್ದವನು ರಾತ್ರೋರಾತ್ರಿ ‘ಸಿ ಲಸಾದ್’ ಆದ, ಅಂದರೆ ಸಾಹೇಬ.

ನಮ್ಮಲ್ಲಿ ಸಮುದ್ರಕ್ಕೂ ಬದು ಇದೆ. ಮೊಣಕಾಲುದ್ದದ ನೀರಿನಲ್ಲಿ ಖರ್ಜೂರದ ಗರಿಗಳನ್ನು ಬೇಲಿಯ ಹಾಗೆ ನೆಟ್ಟು, ಮೀನನ್ನು ಅದರ ಗುಂಟ ಬುಟ್ಟಿಗೆ ತರುತ್ತೇವೆ. ಯಾವ ನೀರು ಯಾವ ಮನೆಯದು ಎಂದು ಅಜ್ಜಂದಿರ ಕಾಲದಿಂದ ಎಲ್ಲರಿಗೂ ಗೊತ್ತು. ಮಕ್ಕಳಿಲ್ಲದ ಮನ್ನೂಬಿಯಾಳಿಗೆ ಇದ್ದದ್ದು ಗಂಡ ಮತ್ತು ದಡದ ಹತ್ತಿರದ ಆ ನೀರು, ಎರಡೇ. ಹೊರಗಿನ ಕಂಪನಿಯೊಂದು ಬಂದು ಕಣ್ಣು ಹಾಕಿದ್ದು ಅಲ್ಲಿಗೇ. ಶ್ರೀಮಂತರ ವಿಹಾರದ ದೋಣಿಗಳಿಗೆ ಬಂದರು ಕಟ್ಟಬೇಕಂತೆ, ತಳ ಅಗೆದು ಆಳ ಮಾಡಬೇಕಂತೆ. ನೀರಿನ ಒಡೆಯರು ಒಪ್ಪದೆ ಆಗುವ ಕೆಲಸವಲ್ಲ ಅದು. ಯಾರೂ ಒಪ್ಪಲಿಲ್ಲ.

“ನಿಮ್ಮನ್ನ ಕೇಳದೆ ಒಂದು ಕಲ್ಲೂ ಬೀಳಲ್ಲ” ಎಂದ ಲಸಾದ್. ನಾವು ನಂಬಿದೆವು. ಹೇಳುವಾಗಲೂ ನನಗೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಮೆಸೌದ್ ತೀರಿಕೊಂಡ. ಮೂರನೆಯ ದಿನ ಅಂಗಳದಲ್ಲಿ ಕುಸ್ಕುಸ್ ಉಂಡು ಎಲ್ಲರೂ ಕೂತಿದ್ದಾಗ ಲಸಾದ್ ಬಂದ. ಬಂದವನು ಕಣ್ಣೊರೆಸಿಕೊಂಡ, ಮನ್ನೂಬಿಯಾಳ ತಲೆಗೆ ಮುತ್ತಿಟ್ಟ, ಆಮೇಲೆ ನಿಂತುಕೊಂಡು ಹೇಳಿದ:

“ಮೆಸೌದ್ ದೊಡ್ಡಪ್ಪ ಊರಿನ ಒಳ್ಳೇದನ್ನೇ ಬಯಸಿದೋರು. ನಮ್ಮ ಬಂದರು ಬೇಗ ಆಗ್ಲಿ, ಇಲ್ಲೇ ಕೆಲಸ ಸಿಕ್ಲಿ, ನಮ್ಮ ಮಕ್ಕಳು ಕಳ್ಳದೋಣಿ ಹತ್ತಿ ಇಟಲಿ ದಾರೀಲಿ ಮುಳುಗೋದು ತಪ್ಲಿ. ಫಾತಿಹಾ.”

ಫಾತಿಹಾ ಎಂದರೆ ಕುರಾನಿನ ಮೊದಲ ಅಧ್ಯಾಯ; ಸಾವಿನ ಮನೆಯಲ್ಲಿ ಅದರ ಹೆಸರೆತ್ತಿದ ಮೇಲೆ ಕೈ ತಾನಾಗಿ ಮೇಲೇಳುತ್ತದೆ. ಎಲ್ಲರೂ ಅಂಗೈ ಬಿಚ್ಚಿ ಓದಿದರು, ಆಮೀನ್ ಎಂದರು, ಮುಖ ಸವರಿಕೊಂಡರು.

ಆದರೆ ನಮ್ಮಲ್ಲಿ ಫಾತಿಹಾ ಸತ್ತವರಿಗಷ್ಟೇ ಅಲ್ಲ, ಮಾತು ಕೊಡುವಾಗಲೂ ಓದುತ್ತೇವೆ. ಹೆಣ್ಣು ನಿಶ್ಚಯವಾಗಲಿ, ದೋಣಿ ಮಾರಾಟವಾಗಲಿ, ಬದುವಿನ ಜಗಳದ ರಾಜಿಯಾಗಲಿ, ಕೂಡಿ ಕೈ ಬಿಚ್ಚಿ ಓದಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ತಪ್ಪಿದವನ ಮನೆಯಲ್ಲಿ ಯಾರೂ ನೀರೂ ಕುಡಿಯುವುದಿಲ್ಲ. ಇದು ನಮಗೆಷ್ಟು ಗೊತ್ತೋ ಲಸಾದನಿಗೂ ಅಷ್ಟೇ ಗೊತ್ತಿತ್ತು.

ವಾರ ಕಳೆದಿರಲಿಲ್ಲ. ನನ್ನ ಹೆಂಡತಿ ಫೋನ್ ಹಿಡಿದು ಓಡಿಬಂದಳು. ಫೇಸ್‌ಬುಕ್ಕಿನಲ್ಲಿ ಲಸಾದ್ ಕಂಪನಿಯವರ ಪಕ್ಕ ನಿಂತು ಹೇಳುತ್ತಿದ್ದ: “ದ್ವೀಪದ ಪದ್ಧತಿಯಂತೆ, ದಿವಂಗತ ಮೆಸೌದರ ಮನೆಯಲ್ಲೇ ಎಲ್ಲ ಕುಟುಂಬದವರೂ ಫಾತಿಹಾ ಓದಿ ಬಂದರಿಗೆ ಒಪ್ಪಿಗೆ ಕೊಟ್ಟಿದ್ದಾರೆ.”

ದೊಡ್ಡಮ್ಮನಿಗೆ ತೋರಿಸಿದೆ. ಆಕೆ ಬೈಯಲಿಲ್ಲ. ನನಗೆ ಭಯವಾದದ್ದೇ ಆಗ.

ನಗರಸಭೆಯ ಸಭೆ ನಡೆದ ದಿನ ಊರಿಗೆ ಊರೇ ಅಲ್ಲಿತ್ತು. ಜನ ಕೂತು ಕೇಳಬಹುದು, ಬಾಯಿ ತೆರೆಯುವಂತಿಲ್ಲ ಎಂಬುದು ನಿಯಮ. ಮನ್ನೂಬಿಯಾ ನೇರವಾಗಿ ಮೇಜಿನ ಮುಂದೆ ಹೋಗಿ ನಿಂತಳು.

“ಲಸಾದ್, ಆವತ್ತು ಓದಿದ ಫಾತಿಹಾ ಯಾರದು?”

“ದೊಡ್ಡಮ್ಮ, ಕೂತ್ಕೊಳ್ಳಿ. ದುಃಖದಲ್ಲಿದೀರಿ.”

“ದುಃಖ ಅಲ್ಲ ಕಣೋ, ಸಿಟ್ಟು. ಯಾರದು ಹೇಳು.”

“ನಾನು ಬಂದರಿನ ಮಾತು ಆಡಿದ ಮೇಲೇ ತಾನೆ ಫಾತಿಹಾ ಅಂದದ್ದು? ಎಲ್ರೂ ಕೈ ಎತ್ತಿದ್ರಿ. ನಾನೇನು ಹಿಡಿದು ಎತ್ತಿಸಿದ್ನಾ?”

ಸದಸ್ಯನೊಬ್ಬ ಕಿಸಕ್ಕನೆ ನಕ್ಕ. ಮನ್ನೂಬಿಯಾ ಅವನತ್ತ ತಿರುಗಿಯೂ ನೋಡಲಿಲ್ಲ.

“ನನ್ನ ಗಂಡನಿಗೆ ಎತ್ತಿದ್ದು! ಗೋರಿ ಮೇಲಿನ ಮಣ್ಣು ಇನ್ನೂ ಹಸಿ ಇತ್ತು. ಕಳ್ಳರು ಸತ್ತೋರ ಮನೆ ಪಾತ್ರೆ ಕದೀತಾರೆ, ನೀನು ಅವನ ಪಾಲಿನ ಪ್ರಾರ್ಥನೆ ಕದ್ದೆಯಲ್ಲೋ! ಬಂದರಿನ ಮಾತು ಆಮೇಲೆ. ನನ್ನ ಮೆಸೌದನ ಫಾತಿಹಾ ವಾಪಸ್ ಕೊಡು.”

ಹಿಂದಿನಿಂದ ಜನ “ಕೊಡು, ಕೊಡು” ಎಂದು ಕೂಗತೊಡಗಿದರು. ಲಸಾದ್ ಬೆವರಿದ. ಆದರೂ ಜಾಣ, ಮುಖದ ಮೇಲೆ ಜೇನು ಸವರಿಕೊಂಡು ಎದ್ದು ನಿಂತ.

“ಅಷ್ಟೇ ತಾನೆ ದೊಡ್ಡಮ್ಮ? ಬನ್ನಿ, ಮೆಸೌದ್ ದೊಡ್ಡಪ್ಪನಿಗೆ ಈಗ್ಲೇ ಎಲ್ರೂ ಸೇರಿ ಓದೋಣ. ಫಾತಿಹಾ.”

ಹೇಳಿ ಎರಡೂ ಅಂಗೈ ಬಿಚ್ಚಿದ. ಅವನ ಪಕ್ಕದಲ್ಲಿ ಬಂದರಿನ ನಕ್ಷೆ ಹರಡಿತ್ತು, ಎದುರಿಗೆ ನೀರಿನ ಒಡೆಯರೆಲ್ಲ ಇದ್ದರು, ಯಾರದೋ ಫೋನು ಚಿತ್ರ ತೆಗೆಯುತ್ತಿತ್ತು.

ಮನ್ನೂಬಿಯಾಳ ಕೈ ಅರ್ಧ ಮೇಲೆದ್ದಿತು. ಅಷ್ಟು ವರ್ಷದ ಅಭ್ಯಾಸ, ಅದೂ ಗಂಡನ ಹೆಸರು. ಇದನ್ನೂ ನಾಳೆ ಬಂದರಿನ ಒಪ್ಪಿಗೆ ಎನ್ನುತ್ತಾನೆ ಎಂದು ನಡುದಾರಿಯಲ್ಲೇ ಆಕೆಗೆ ತಿಳಿಯಿತು. ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗೆಳೆದು, ಎರಡನ್ನೂ ಹೊದ್ದ ಬಟ್ಟೆಯೊಳಗೆ ತೂರಿಸಿಕೊಂಡಳು. ಅದನ್ನು ನೋಡಿ ಯಾರೂ ಕೈ ಎತ್ತಲಿಲ್ಲ. ಲಸಾದ್ ಒಬ್ಬನೇ ಭಿಕ್ಷೆಗೆ ನಿಂತವನಂತೆ ಅಂಗೈ ಬಿಚ್ಚಿಕೊಂಡು ನಿಂತಿದ್ದ.

ಗಂಡನಿಗೆ ಫಾತಿಹಾ ಎಂದಾಗ ಕೈ ಎತ್ತದ ಹೆಂಡತಿ ಈ ದ್ವೀಪದಲ್ಲಿ ಆಕೆಯೊಬ್ಬಳೇ ಇರಬೇಕು. ಆ ಪಾಪ ಯಾರ ತಲೆಗೆ ಸುತ್ತಿಕೊಳ್ಳಬೇಕೋ ಅವರ ತಲೆಗೇ ಸುತ್ತಿಕೊಳ್ಳಲಿ. ಮನೆಗೆ ಬರುವ ದಾರಿಯುದ್ದಕ್ಕೂ ಆಕೆ ಅತ್ತಳು, ಅಳುತ್ತಲೇ ಲಸಾದನ ವಂಶವನ್ನೆಲ್ಲ ಬೈದಳು.

ಬಂದರಿನ ಕೆಲಸ ಸದ್ಯಕ್ಕೆ ನಿಂತಿದೆ. ಗೆದ್ದೆವು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಹೋದ ತಿಂಗಳು ದೋಣಿ ಕಟ್ಟುವ ಹಮೂದಾ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಇಮಾಮರು “ಫಾತಿಹಾ” ಎಂದರು. ಯಾರ ಕೈಯೂ ಏಳಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಸತ್ತವನ ಸ್ವಂತ ತಮ್ಮನೇ ಕೇಳಿದ:

“ಯಾವುದಕ್ಕೆ?”

ಇಮಾಮರು ತಲೆ ತಗ್ಗಿಸಿದರು. “ಹಮೂದಾನಿಗೆ ಕಣಪ್ಪಾ,” ಎಂದರು, “ಹಮೂದಾನಿಗೆ ಮಾತ್ರ.”