ಹಲಸೂರಿನ ಮನೆ ಬೇಡ ಎಂದವನು

ನನ್ನ ಯಜಮಾನರು ಕೆಲಸಕ್ಕಿದ್ದ ದೊಡ್ಡನೆಕ್ಕುಂದಿಯ ಕಾರ್ಖಾನೆ ಬಾಗಿಲು ಹಾಕಿದಾಗ ಅವರ ಕೈಗೆ ಒಂದು ಇಡುಗಂಟು ಬಂತು. ಅಷ್ಟು ಹಣ ಈ ಜನ್ಮದಲ್ಲಿ ಇನ್ನೊಮ್ಮೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಿದ್ದೆ, ಅದರ ಹಿಂದಿನ ಗಲ್ಲಿಯಲ್ಲೇ ಬಾಡಿಗೆಗಿದ್ದೆವು. ಹಳೆಯ ಬಾಡಿಗೆ, ಕಡಿಮೆ. ನಾವು ಅಲ್ಲೇ ಇದ್ದುಕೊಂಡು, ಬೇರೆಲ್ಲಾದರೂ ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಸಂಬಳದ ಜಾಗದಲ್ಲಿ ಏನಾದರೂ ಬರುತ್ತದೆ ಎಂದು ಲೆಕ್ಕ ಹಾಕಿದೆವು.

ಇಂಥದ್ದರಲ್ಲಿ ನಮಗೆ ಗಂಧಗಾಳಿ ಇರಲಿಲ್ಲ. ನನ್ನ ಅಣ್ಣನಿಗೆ ಗೊತ್ತಿತ್ತು. ಅವನು ಕೆ.ಆರ್. ಪುರದಲ್ಲಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ನನ್ನ ಮದುವೆ ಮಾಡಿದವನೂ ಅವನೇ. ಅವನನ್ನು ಕೇಳದೆ ನಾನು ಫ್ರಿಜ್ ಕೂಡ ಕೊಂಡವಳಲ್ಲ.

ಭಾನುವಾರಗಳಂದು ಅಣ್ಣನ ಕಾರಿನಲ್ಲಿ ಸುತ್ತಿದೆವು. ಮೊದಲು ಕೆ.ಆರ್. ಪುರದ ಹಿಂದೆ ಶೀಟು ಹೊದಿಸಿದ ಸಾಲು ಕೋಣೆಗಳು. ಯಾದಗಿರಿ, ರಾಯಚೂರು ಕಡೆಯ ಕೂಲಿ ಕುಟುಂಬಗಳು ಅಲ್ಲಿದ್ದವು. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಕೊಡ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ಕೇಳಿದಳು, "ನೀವು ತಗೊಂಡ್ರ ಬಾಡಿಗಿ ಏರಸ್ತೀರೇನ್ರೀ ಅಕ್ಕಾ?"

ಕಾರು ಹತ್ತಿದ ಮೇಲೆ ಯಜಮಾನರು ಇದು ನಮ್ಮಿಂದಾಗುವ ಕೆಲಸವಲ್ಲ ಎಂದರು. ಅಣ್ಣನೂ ಒಪ್ಪಿದ.

ಮುಂದಿನ ವಾರ ಹಲಸೂರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆ, ಎರಡು ಭಾಗ. ಮುಂದಿನ ಭಾಗದಲ್ಲಿ ಒಬ್ಬ ದರ್ಜಿಯ ಸಂಸಾರ, ಹಿಂದಿನದರಲ್ಲಿ ಮನೆಯ ಒಡತಿ. ವಯಸ್ಸಾದ ಆಕೆ ಎಲ್ಲವನ್ನೂ ಮಾರಿ ಕೊಯಮತ್ತೂರಿನ ಮಗಳ ಮನೆಗೆ ಹೊರಟಿದ್ದರು. ನನ್ನ ಕೈ ಹಿಡಿದುಕೊಂಡು, "ನೀನೇ ತಗೋ ಮಾ. ಇಲ್ಲಿ ಬಾಡಿಗೆಗೆ ಜನ ಹುಡುಕೋದೇ ಬೇಡ, ಅವರೇ ಬಂದು ಕದ ತಟ್ತಾರೆ" ಎಂದರು. ಗೋಡೆ ತೇವವಾಗಿತ್ತು, ಆದರೂ ನನಗೆ ಮನೆ ಹಿಡಿಸಿತು. ಮೆಟ್ರೊ, ಆಸ್ಪತ್ರೆ, ತರಕಾರಿ ಎಲ್ಲ ಕಾಲ್ನಡಿಗೆಯಲ್ಲಿ. ಯಜಮಾನರು ಕದದ ಮರ ತಟ್ಟಿ ನೋಡಿ ನನ್ನತ್ತ ತಲೆಯಾಡಿಸಿದರು.

ಹೊರಗೆ ಬಂದು ಕಾರು ಹತ್ತಿದ್ದೇ ಅಣ್ಣ ನಮ್ಮ ಉತ್ಸಾಹಕ್ಕೆ ನೀರೆರಚಿದ.

"ಹುಚ್ಚಾ ನಿಂಗೆ? ಆ ಟೈಲರ್ ಎಷ್ಟು ವರ್ಷದಿಂದ ಕೂತಿದಾನೋ, ಜಪ್ಪಯ್ಯ ಅಂದ್ರೂ ಎದ್ದೋಗಲ್ಲ. ಕೋರ್ಟು ಕಚೇರಿ ಅಲೀತೀಯಾ?" ಎಂದ. ನಂತರ ಯಜಮಾನರ ಕಡೆ ತಿರುಗಿ, "ಭಾವ, ನಿಮಗೆ ಬೇಕಾಗಿರೋದು ನೆಮ್ಮದಿ. ಮಹದೇವಪುರದಲ್ಲಿ ಫ್ಲಾಟ್ ತಗೊಳ್ಳಿ. ಕಂಪನಿ ಜನ, ಒಂದನೇ ತಾರೀಕು ಬಾಡಿಗೆ ಅಕೌಂಟಿಗೆ ಬಂದ್ಬಿಡುತ್ತೆ" ಎಂದ.

ಫ್ಲಾಟು ಕೊಂಡೆವು. ನೋಂದಣಿಯ ದಿನ ಸಾಕ್ಷಿಗೆ ಸಹಿ ಹಾಕಿದವನೂ ಅಣ್ಣನೇ. ಆಮೇಲೆ ನಮಗೆ ಹೋಳಿಗೆ ಊಟ ಕೊಡಿಸಿದ.

ಮೊದಲು ಬಂದವರು ಧಾರವಾಡದ ಗಂಡ ಹೆಂಡತಿ, ಇಬ್ಬರೂ ಅಲ್ಲೇ ಹತ್ತಿರದ ಕಂಪನಿಗಳಲ್ಲಿದ್ದರು. ಒಳ್ಳೆಯವರು. ಮಳೆಗಾಲ ಬರುವ ತನಕ ಎಲ್ಲ ಸರಿಯಿತ್ತು. ಒಂದು ಮಳೆಗೆ ರಸ್ತೆ ಕೆರೆಯಾಯಿತು. ನೆಲಮಾಳಿಗೆಯಲ್ಲಿ ನೀರು ನಿಂತು ಅವರ ಕಾರು ಮುಳುಗಿತು, ಲಿಫ್ಟ್ ನಿಂತಿತು, ಕರೆಂಟು ಹೋಯಿತು. ಬಸುರಿ ಹೆಂಡತಿಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಸಾಗಿಸಬೇಕಾಯಿತು. ಆಮೇಲೆ ಆ ಹುಡುಗ ಬೀಗದ ಕೈ ಕೊಡುತ್ತಾ, "ನಿಮ್ಮ ಮ್ಯಾಲೆ ಸಿಟ್ಟಿಲ್ರೀ ಆಂಟಿ. ಆದ್ರ ಇಲ್ಲಿ ಇರಾಕ ಆಗಂಗಿಲ್ಲ" ಎಂದ. ಆಮೇಲೆ ಮನೆ ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು ನೀರಿನ ವಿಷಯವನ್ನೇ. ನಾವು ಸುಳ್ಳು ಹೇಳಲಿಲ್ಲ, ಅವರು ಮತ್ತೆ ಬರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದರೆ, "ಮಳೆ ನನ್ನ ಕೈಲಿದೆಯೇನಮ್ಮ?" ಎನ್ನುತ್ತಿದ್ದ. ಅದೂ ನಿಜವೇ ಎಂದು ಫೋನ್ ಇಡುತ್ತಿದ್ದೆ.

ಹೀಗಿರುವಾಗ ನಡೆಯಲಾಗದ ಗಿರಾಕಿಯೊಬ್ಬರಿಗೆ ಕನ್ನಡಕ ತಲುಪಿಸಲು ಹಲಸೂರಿಗೆ ಹೋಗಿದ್ದೆ. ವಾಪಸು ಬರುವಾಗ, ಸುಮ್ಮನೆ, ಆ ಓಣಿಗೆ ಹೊಕ್ಕೆ. ಮನೆಗೆ ಹೊಸ ಸುಣ್ಣಬಣ್ಣವಾಗಿತ್ತು. ಮೇಲೊಂದು ಅಂತಸ್ತು ಏಳುತ್ತಿತ್ತು. ದರ್ಜಿ ಅದೇ ಮುಂದಿನ ಭಾಗದಲ್ಲಿ ಹೊಲಿಯುತ್ತಾ ಕೂತಿದ್ದ, ನನ್ನನ್ನು ನೋಡಿ ಗುರುತು ಹಿಡಿದ.

"ಆವೋ ಮೇಡಂ. ನಿಮ್ಮಣ್ಣ ಮೇಲೇ ಇದಾರೆ."

ನನಗೆ ಅರ್ಥವಾಗಲಿಲ್ಲ. ಯಾವ ಅಣ್ಣ ಎಂದು ಕೇಳಿದೆ.

"ಅವರೇ ಅಲ್ವಾ ಓನರ್? ನೀವೆಲ್ಲಾ ನೋಡೋಕೆ ಬಂದಿದ್ರಲ್ಲ, ಮಾರನೇ ದಿನಾನೇ ಬಂದು ಅಡ್ವಾನ್ಸ್ ಕೊಟ್ರು. ಬಾಡಿಗೆ ಜಾಸ್ತಿ ಮಾಡಿದ್ರು, ಪರವಾಗಿಲ್ಲ, ಕೊಡ್ತಾ ಇದೀನಿ" ಎಂದು ನಕ್ಕ.

ಅಷ್ಟರಲ್ಲಿ ಅಣ್ಣನೇ ಕೆಳಗಿಳಿದು ಬಂದ. ಅಂಗಿಯ ಮೇಲೆಲ್ಲ ಸಿಮೆಂಟಿನ ಧೂಳು. ಒಂದು ಗಳಿಗೆ ಮಾತ್ರ ಅವನ ಮುಖ ಬಿಳಿಚಿಕೊಂಡಿತು.

"ನೀವು ಬೇಡ ಅಂದ್ರಲ್ಲ, ಅದಕ್ಕೆ ತಗೊಂಡೆ" ಎಂದ.

"ಬೇಡ ಅನ್ನಿಸಿದ್ದು ಯಾರು?"

"ಏನ್ ಮಾತು ಅಂತ ಆಡ್ತೀಯ? ನಾನ್ ಹೇಳಿದ್ದು ಅಭಿಪ್ರಾಯ. ನಿಂಗೆ ನಿಜವಾಗ್ಲೂ ಆಸೆ ಇದ್ದಿದ್ರೆ ಯಾರು ಹೇಳಿದ್ರೂ ಬಿಡ್ತಿರಲಿಲ್ಲ." ಆಮೇಲೆ ಸ್ವರ ತಗ್ಗಿಸಿ, "ಟೀ ಕುಡೀತೀಯಾ?" ಎಂದ.

ನಾನು ಕುಡಿಯಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸಿದ್ದು ಒಂದೇ: ಅಂದು ಕಾರಿನಲ್ಲಿ ನಮ್ಮನ್ನು ಹಿಂದೆ ಕೂರಿಸಿಕೊಂಡು ಕೋರ್ಟಿನ ಮಾತಾಡುತ್ತಿದ್ದಾಗಲೇ ಅವನು ಮನಸ್ಸಿನಲ್ಲಿ ಈ ಅಂತಸ್ತನ್ನು ಕಟ್ಟಿ ಮುಗಿಸಿದ್ದನೇ? ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮಮ್ಮಂಗೆ ಹೇಳ್ಬೇಡ, ಕೊರಗ್ತಾರೆ" ಎಂದಷ್ಟೇ ಹೇಳಿದರು. ಅಮ್ಮನಿಗೆ ಮೊದಲೇ ಗೊತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಕೊನೆಗೆ ಶಿವಾಜಿನಗರದ ಮನೆ ಬಿಟ್ಟು ನಾವೇ ಫ್ಲಾಟಿಗೆ ಬಂದೆವು. ನನಗೆ ಈಗ ದಿನವೂ ಎರಡು ಬಸ್ಸು. ಯಜಮಾನರು ಇಲ್ಲೇ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಮ್ಮ ಅರ್ಧ ವಯಸ್ಸಿನವರ ಕೈಕೆಳಗೆ ದುಡಿಯುತ್ತಾರೆ.

ಹಲಸೂರಿನ ಮೇಲಂತಸ್ತಿನ ಗೃಹಪ್ರವೇಶಕ್ಕೆ ಅಮ್ಮನ ಮುಖ ನೋಡಿ ಹೋದೆವು. ಊಟಕ್ಕೆ ಕೂತಾಗ ಅಣ್ಣ ತನ್ನ ಬೀಗರಿಗೆ ನಮ್ಮನ್ನು ತೋರಿಸಿ, "ನಮ್ ತಂಗಿಗೂ ನಾನೇ ನಿಂತು ಫ್ಲಾಟ್ ಕೊಡ್ಸಿದ್ದು" ಎಂದ. ಬೀಗರು ನನ್ನತ್ತ ನೋಡಿ ನಕ್ಕರು.

"ಹೌದು, ಇವನೇ ಕೊಡ್ಸಿದ್ದು" ಎಂದೆ.

ಅಣ್ಣ ಪಾಯಸ ಬಡಿಸುವವರನ್ನು ಕರೆದ. ಯಜಮಾನರು ಎಲೆ ಮಡಚಿ ಎದ್ದಿದ್ದರು.